ಕ್ಲೌಡಲ್ಲಿ ಇದೆಯಲ್ಲ, ಇನ್ನೇನು ಭಯ ಅಂದ್ಕೊಂಡೋರಿಗೆ

ಫೋಟೋ, ಫೈಲು ಆನ್‌ಲೈನಲ್ಲಿ ಇಡೋದು, ಹಂಚ್ಕೊಳ್ಳೋದರ ಬಗ್ಗೆ ಈ ಸಲ ತುಂಬಾ ಪ್ರಶ್ನೆ ಬಂದಿವೆ. ಎಲ್ಲದಕ್ಕೂ ಜಾಗ ಸಾಲಲ್ಲ, ಹಾಗಾಗಿ ಜಾಸ್ತಿ ಜನಕ್ಕೆ ಉಪಯೋಗ ಆಗೋ ಐದನ್ನ ಆರಿಸ್ಕೊಂಡಿದ್ದೀನಿ. ಮೊದಲನೇ ಉತ್ತರ ಸ್ವಲ್ಪ ಉದ್ದ ಆಗಿದೆ, ಯಾಕಂದ್ರೆ ಆ ತಪ್ಪು ಮತ್ತೆ ಮತ್ತೆ ಆಗ್ತಾನೇ ಇದೆ, ಪ್ರತಿ ಸಲ ಓದುವಾಗಲೂ ಸಂಕಟ ಆಗುತ್ತೆ.

ಪ್ರಶ್ನೆ: ಫೋನ್ ಮೆಮೊರಿ ಫುಲ್ ಆಗಿತ್ತು. ಫೋಟೋ ಎಲ್ಲ ಹೇಗೂ ಗೂಗಲ್ ಫೋಟೋಸಿಗೆ ಬ್ಯಾಕಪ್ ಆಗಿದೆಯಲ್ಲ ಅಂತ ಆ ಆ್ಯಪಲ್ಲೇ ಕೂತು ಮಗಳು ಹುಟ್ಟಿದಾಗಿನಿಂದ ಎರಡು ವರ್ಷದ ಫೋಟೋ ಡಿಲೀಟ್ ಮಾಡ್ಬಿಟ್ಟೆ. ಈಗ ಲ್ಯಾಪ್‌ಟಾಪಲ್ಲಿ ನೋಡಿದ್ರೆ ಅಲ್ಲೂ ಇಲ್ಲ. ತಿಂಗಳ ಮೇಲಾಯ್ತು. ವಾಪಸ್ ಬರ್ತಾವಾ?

ಉತ್ತರ: ಬರೋ ಸಾಧ್ಯತೆ ಇದೆ ಮೇಡಂ. ಪತ್ರಿಕೆ ಕೈಗೆ ಬರೋದ್ರೊಳಗೆ ದಿನ ಮೀರಬಾರದು ಅಂತ ನಿಮಗೆ ಮೇಲ್ ಕೂಡ ಮಾಡಿದ್ದೀನಿ. ಆ್ಯಪಲ್ಲಿ ಟ್ರ್ಯಾಶ್ ಅಥವಾ ಬಿನ್ ಅಂತ ಇರುತ್ತೆ ನೋಡಿ, ಬ್ಯಾಕಪ್ ಆಗಿದ್ದ ಫೋಟೋ ಡಿಲೀಟ್ ಮಾಡಿದ್ರೆ ಅದು 60 ದಿನ ಅಲ್ಲೇ ಕೂತಿರುತ್ತೆ, ಸೆಲೆಕ್ಟ್ ಮಾಡಿ ರಿಸ್ಟೋರ್ ಒತ್ತಿ. ಅಪ್ಪಿತಪ್ಪಿಯೂ ಎಂಪ್ಟಿ ಟ್ರ್ಯಾಶ್ ಮುಟ್ಟಬೇಡಿ. ಗೂಗಲ್ ಡ್ರೈವ್ ಆದ್ರೆ 30 ದಿನ ಅಷ್ಟೇ, ಅದೇ ಥರ ಫೈಲ್ ಇಡೋ ಮೈಕ್ರೋಸಾಫ್ಟಿನ ಪರ್ಸನಲ್ ಒನ್‌ಡ್ರೈವ್‌ಗೂ ಡ್ರಾಪ್‌ಬಾಕ್ಸಿನ ಫ್ರೀ ಅಕೌಂಟಿಗೂ ಅಷ್ಟೇ ಗಡುವು.

ಇದು ಯಾಕಾಯ್ತು ಅಂದ್ರೆ, ನಾವು ಬ್ಯಾಕಪ್ ಅಂತ ಕರೆಯೋದು ಸುಮಾರು ಸಲ ಬರೀ ಸಿಂಕ್ ಆಗಿರುತ್ತೆ. ಒಂದೇ ಬಾವಿಗೆ ಎರಡು ರಾಟೆ ಹಾಕಿದ ಹಾಗೆ ಅದು, ಯಾವ ಕಡೆಯಿಂದ ಸೇದಿದ್ರೂ ಇಳಿಯೋದು ಅದೇ ನೀರು. ಫೋನಲ್ಲಿ ಡಿಲೀಟ್ ಮಾಡಿದ್ರೆ ಲ್ಯಾಪ್‌ಟಾಪಲ್ಲೂ ಹೋಗುತ್ತೆ, ಲ್ಯಾಪ್‌ಟಾಪಲ್ಲಿ ಫೈಲ್ ಕೆಟ್ರೆ ಆ ಕೆಟ್ಟ ಫೈಲೇ ಮೇಲೆ ಹೋಗಿ ಒಳ್ಳೇದರ ಜಾಗದಲ್ಲಿ ಕೂರುತ್ತೆ. ಫೋನಲ್ಲಿ ಮಾತ್ರ ಜಾಗ ಬೇಕು ಅಂದ್ರೆ ಅದೇ ಆ್ಯಪಲ್ಲಿ ಫ್ರೀ ಅಪ್ ಸ್ಪೇಸ್ ಅಂತ ಒಂದು ಆಯ್ಕೆ ಇದೆ, ಅದು ಮೇಲೆ ಹೋಗಿರೋದನ್ನ ಖಚಿತ ಮಾಡ್ಕೊಂಡು ಫೋನಲ್ಲಿರೋ ಪ್ರತಿ ಮಾತ್ರ ತೆಗೆಯುತ್ತೆ.

ಫೋಟೋ ವಾಪಸ್ ಬಂದ್ಮೇಲೆ ದಯವಿಟ್ಟು ಒಂದು ಕೆಲ್ಸ ಮಾಡಿ, ಒಂದು ಹಾರ್ಡ್ ಡಿಸ್ಕ್ ತಗೊಂಡು ಎಲ್ಲಾನೂ ಅದಕ್ಕೆ ಕಾಪಿ ಮಾಡಿ, ಕೇಬಲ್ ಕಿತ್ತು ಬೇರೆ ಕಡೆ ಇಡಿ. ಈ ಫೀಲ್ಡಲ್ಲಿ ಇರೋರು 3-2-1 ಅಂತಾರೆ: ಮೂರು ಪ್ರತಿ, ಎರಡು ಬೇರೆ ಬೇರೆ ಥರದ ಸಾಧನ, ಅದ್ರಲ್ಲಿ ಒಂದು ಬೇರೆ ಊರಲ್ಲೋ ಬೇರೆ ಕಟ್ಟಡದಲ್ಲೋ. ಅತಿ ಆಯ್ತು ಅನ್ಸಬಹುದು. ಆದ್ರೆ 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗಲ್ಲಿ ಓವಿಎಚ್ ಅನ್ನೋ ಕ್ಲೌಡ್ ಕಂಪನಿಯ ಡೇಟಾ ಸೆಂಟರಿಗೆ ಬೆಂಕಿ ಬಿದ್ದು ಒಂದು ಕಟ್ಟಡ ಪೂರ್ತಿ ಸುಟ್ಟು ಹೋಯ್ತು, ಬೇರೆ ಕಡೆ ಪ್ರತಿ ಇಟ್ಕೊಳ್ಳದೇ ಇದ್ದ ಎಷ್ಟೋ ಗ್ರಾಹಕರ ಡೇಟಾ ಮತ್ತೆ ಸಿಗಲೇ ಇಲ್ಲ. ಕ್ಲೌಡ್ ಅಂದ್ರೆ ಆಕಾಶದಲ್ಲಿ ತೇಲ್ತಾ ಇರೋದಲ್ಲ, ಎಲ್ಲೋ ಒಂದು ಕಟ್ಟಡದಲ್ಲಿ ಕರೆಂಟಲ್ಲಿ ಓಡ್ತಾ ಇರೋ ಡಿಸ್ಕು.

ಪ್ರಶ್ನೆ: 15 ಜಿಬಿ ತುಂಬಿದೆ ಅಂತ ಜಿಮೇಲಲ್ಲಿ ಕೆಂಪಕ್ಷರದಲ್ಲಿ ಬರ್ತಿದೆ, ಮೇಲ್‌ಗಳೂ ಬರ್ತಿಲ್ಲ. ಡ್ರೈವಲ್ಲಿ ನಾನು ಇಟ್ಟಿರೋದು ನಾಲ್ಕೇ ಫೈಲು!

ಉತ್ತರ: ಆ 15 ಜಿಬಿ ಡ್ರೈವಿಗೆ ಮಾತ್ರ ಅಲ್ಲ ಸರ್, ಜಿಮೇಲು, ಡ್ರೈವು, ಫೋಟೋಸು ಮೂರೂ ಸೇರಿ. ಮುಂಚೆ ಫೋಟೋಸಲ್ಲಿ ಸೈಜ್ ಇಳಿಸಿದ ಫೋಟೋ ಎಷ್ಟು ಬೇಕಾದ್ರೂ ಪುಕ್ಕಟೆ ಇಡಬಹುದಿತ್ತು, 2021ರ ಜೂನ್ 1ರಿಂದ ಹಾಕಿದ್ದೆಲ್ಲ ಲೆಕ್ಕಕ್ಕೆ ಬರುತ್ತೆ. ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ಪೂ ಈಗ ಇದ್ರಲ್ಲೇ ಸೇರುತ್ತೆ, ಸುಮಾರು ಜನಕ್ಕೆ ಇದು ಗೊತ್ತೇ ಇಲ್ಲ. ಅಕೌಂಟಿನ ಸ್ಟೋರೇಜ್ ಪೇಜಿಗೆ ಹೋದ್ರೆ ಯಾವುದು ಎಷ್ಟು ತಿಂದಿದೆ ಅಂತ ಕಾಣುತ್ತೆ, ದೊಡ್ಡ ಫೈಲುಗಳ ಪಟ್ಟೀನೂ ಅಲ್ಲೇ ಸಿಗುತ್ತೆ. ವಾಟ್ಸಾಪ್ ಬ್ಯಾಕಪ್ಪಲ್ಲಿ ವಿಡಿಯೋ ಸೇರಿಸೋ ಆಯ್ಕೆ ಆಫ್ ಮಾಡಿ ನೋಡಿ, ಎಷ್ಟೋ ಸಲ ಅಷ್ಟಕ್ಕೇ ಹಗುರ ಆಗುತ್ತೆ. ಡಿಲೀಟ್ ಮಾಡಿದ್ರೂ ಲೆಕ್ಕ ಇಳೀಲಿಲ್ಲ ಅಂತ ಗಾಬರಿ ಬೀಳಬೇಡಿ, ಟ್ರ್ಯಾಶಲ್ಲಿ ಇರೋದೂ ಎಣಿಕೆಗೆ ಸೇರಿರುತ್ತೆ, ಅದನ್ನ ಖಾಲಿ ಮಾಡಿದ್ಮೇಲೇನೇ ಇಳಿಯೋದು. ಖಾಲಿ ಮಾಡೋ ಮುಂಚೆ ಮಾತ್ರ ಮೇಲಿನ ತಾಯಿಯ ಪ್ರಶ್ನೆ ಇನ್ನೊಂದು ಸಲ ಓದ್ಕೊಳ್ಳಿ. ಬೇರೆಯವರು ನಿಮಗೆ ಶೇರ್ ಮಾಡಿರೋ ಫೈಲು ಅವರ ಲೆಕ್ಕಕ್ಕೆ, ಅದನ್ನ ತೆಗೆದ್ರೆ ನಿಮಗೆ ಜಾಗ ಉಳಿಯಲ್ಲ.

ಪ್ರಶ್ನೆ: ನಮ್ಮ ಗುಂಪಿನ ಖರ್ಚು ವೆಚ್ಚದ ಶೀಟ್ ಲಿಂಕನ್ನ ವಾಟ್ಸಾಪ್ ಗ್ರೂಪಲ್ಲಿ ಹಾಕಿದ್ದೆ. ಯಾರೋ ಅರ್ಧ ಸಾಲು ಅಳಿಸಿಬಿಟ್ಟಿದ್ದಾರೆ, ಕೇಳಿದ್ರೆ ಎಲ್ಲರೂ ನಾನಲ್ಲ ಅಂತಾರೆ.

ಉತ್ತರ: ಮೊದಲು ಸಾಲು ವಾಪಸ್ ತರೋಣ. ಶೀಟಿನ ಫೈಲ್ ಮೆನುವಲ್ಲಿ ವರ್ಷನ್ ಹಿಸ್ಟರಿ ಇದೆ, ಯಾವ ದಿನ ಎಷ್ಟೊತ್ತಿಗೆ ಹೇಗಿತ್ತು ಅಂತ ಪಟ್ಟಿ ಬರುತ್ತೆ, ಅಳಿಸೋಕೆ ಮುಂಚಿನದು ಆರಿಸಿ ರಿಸ್ಟೋರ್ ಮಾಡಿ. ಯಾರು ಮಾಡಿದ್ದು ಅಂತ ಹುಡುಕೋಕೆ ಹೋಗ್ಬೇಡಿ, ಲಾಗಿನ್ ಆಗದೇ ಬಂದಿದ್ರೆ ಹೆಸರೂ ಕಾಣಲ್ಲ, ಮೊಬೈಲಲ್ಲಿ ಬೆರಳು ತಾಗಿ ಆಗಿರೋದೇ ಹೆಚ್ಚು.

ಅಸಲಿ ತೊಂದರೆ ಇರೋದು ಶೇರ್ ಮಾಡಿದ ರೀತೀಲಿ. ಶೇರ್ ಒತ್ತಿದಾಗ ಎರಡು ಪ್ರಶ್ನೆ ಇರುತ್ತೆ, ಯಾರಿಗೆ ಮತ್ತು ಎಷ್ಟು. ಲಿಂಕ್ ಇರೋ ಯಾರಿಗಾದ್ರೂ ಅಂತ ಇಟ್ರೆ ಆ ಲಿಂಕೇ ಬೀಗದ ಕೈ, ಅದು ಇನ್ನೊಂದು ಗ್ರೂಪಿಗೆ ಫಾರ್ವರ್ಡ್ ಆದ್ರೆ ಅಲ್ಲಿರೋರೆಲ್ಲ ಒಳಗೆ ಬರಬಹುದು. ಎಷ್ಟು ಅನ್ನೋದಕ್ಕೆ ವ್ಯೂವರ್, ಕಾಮೆಂಟರ್, ಎಡಿಟರ್ ಅಂತ ಮೂರಿದೆ. ಲೆಕ್ಕದ ಶೀಟಿಗೆ ಗ್ರೂಪಿನೋರು ವ್ಯೂವರ್ ಆಗಿದ್ರೆ ಸಾಕು, ಬರೆಯೋ ಇಬ್ಬರು ಮೂವರನ್ನ ಅವರ ಮೇಲ್ ಐಡಿ ಹಾಕಿ ಎಡಿಟರ್ ಮಾಡಿ. ನಾನು ಯಾವುದೇ ಲಿಂಕ್ ಕಳಿಸೋ ಮುಂಚೆ ಬ್ರೌಸರಲ್ಲಿ ಇನ್‌ಕಾಗ್ನಿಟೋ ವಿಂಡೋ ತೆಗೆದು ಅದ್ರಲ್ಲಿ ಪೇಸ್ಟ್ ಮಾಡಿ ನೋಡ್ತೀನಿ, ಲಾಗಿನ್ ಆಗದ ಅಪರಿಚಿತನಿಗೆ ಏನು ಕಾಣುತ್ತೋ ಅದೇ ನಮಗೆ ಕಾಣುತ್ತೆ. ಒಂದ್ಸಲ ಹೀಗೆ ನೋಡಿದಾಗ ಒಂದು ಫೈಲ್ ಕಳಿಸ್ತಿದ್ದೀನಿ ಅಂದ್ಕೊಂಡಿದ್ದ ನನಗೆ ಇಡೀ ಫೋಲ್ಡರೇ ತೆರೆದು ನಿಂತಿತ್ತು, ಅದ್ರಲ್ಲಿ ನನ್ನ ಗುರುತಿನ ಚೀಟಿ ಸ್ಕ್ಯಾನ್ ಸಮೇತ. ಫೋಲ್ಡರ್ ಶೇರ್ ಮಾಡಿದ್ರೆ ಮುಂದೆ ಅದಕ್ಕೆ ಹಾಕೋದೆಲ್ಲಾನೂ ಶೇರ್ ಆಗುತ್ತೆ, ಇದನ್ನ ಮರೀಬೇಡಿ. ಕೆಲ್ಸ ಮುಗಿದ ಲಿಂಕನ್ನ ರಿಸ್ಟ್ರಿಕ್ಟೆಡ್‌ಗೆ, ಅಂದ್ರೆ ನೀವು ಹೆಸರಿಸಿದವರಿಗೆ ಮಾತ್ರ ತೆರೆಯೋ ಹಾಗೆ, ಬದಲಾಯಿಸಿ.

ಪ್ರಶ್ನೆ: ಡೆಸ್ಕ್‌ಟಾಪಲ್ಲಿ ಫೈಲ್ ಕಾಣ್ಸುತ್ತೆ, ನೆಟ್ ಇಲ್ದಿದ್ರೆ ಓಪನ್ ಆಗಲ್ಲ. ವೈರಸ್ಸಾ?

ಉತ್ತರ: ಅಲ್ಲ. ಅದರ ಹತ್ರ ನೀಲಿ ಮೋಡದ ಗುರುತು ಇದ್ರೆ ಅದು ಒನ್‌ಡ್ರೈವಲ್ಲಿ ಮಾತ್ರ ಇದೆ, ಕಂಪ್ಯೂಟರಲ್ಲಿ ಹೆಸರಷ್ಟೇ. ರೈಟ್ ಕ್ಲಿಕ್ ಮಾಡಿ ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್ ಕೊಡಿ, ಹಸಿರು ಟಿಕ್ ಬಂದ್ಮೇಲೆ ನೆಟ್ ಇಲ್ದೇನೂ ತೆರೆಯುತ್ತೆ.

ಪ್ರಶ್ನೆ: ಅಪ್ಪ ತೀರಿಕೊಂಡು ಒಂದು ವರ್ಷ ಆಯ್ತು. ಅವರು ತೆಗೆದ ಫೋಟೋ, ಬರೆದಿಟ್ಟ ನೆನಪುಗಳು ಎಲ್ಲ ಅವರ ಗೂಗಲ್ ಅಕೌಂಟಲ್ಲಿವೆ. ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಏನು ಮಾಡ್ಲಿ?

ಉತ್ತರ: ನಿಮ್ಮ ಪತ್ರ ಓದಿ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ. ತಡ ಮಾಡ್ಬೇಡಿ, ಎರಡು ವರ್ಷ ಯಾರೂ ಬಳಸದ ಅಕೌಂಟನ್ನ ಅಳಿಸೋ ನಿಯಮ 2023ರ ಡಿಸೆಂಬರಿಂದ ಜಾರೀಲಿದೆ. ತೀರಿಕೊಂಡವರ ಅಕೌಂಟ್ ಬಗ್ಗೆ ಮನವಿ ಸಲ್ಲಿಸೋಕೆ ಗೂಗಲ್ ಹೆಲ್ಪ್ ಪೇಜಲ್ಲೇ ಒಂದು ಫಾರ್ಮ್ ಇದೆ, ಮರಣ ಪ್ರಮಾಣ ಪತ್ರ, ನಿಮ್ಮ ಗುರುತಿನ ದಾಖಲೆ ರೆಡಿ ಇಟ್ಕೊಳ್ಳಿ. ಪಾಸ್‌ವರ್ಡ್ ಅಂತೂ ಕೊಡಲ್ಲ, ಪರಿಶೀಲನೆ ಮಾಡಿ ಕೆಲವು ಸಂದರ್ಭದಲ್ಲಿ ಡೇಟಾ ಕೊಡ್ತಾರೆ. ಪಾಸ್‌ವರ್ಡ್ ಊಹಿಸಿ ಊಹಿಸಿ ಹಾಕಬೇಡಿ, ಅಕೌಂಟ್ ಲಾಕ್ ಆದ್ರೆ ಇನ್ನೂ ಕಷ್ಟ. ದುಡ್ಡು ಕೊಟ್ರೆ ತೆಗೆದುಕೊಡ್ತೀವಿ ಅನ್ನೋರ ಹತ್ರ ಹೋಗಲೇಬೇಡಿ.

ಓದ್ತಾ ಇರೋ ಉಳಿದವರು ತಮ್ಮ ಅಕೌಂಟ್ ಸೆಟ್ಟಿಂಗಲ್ಲಿ ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್ ಹುಡುಕಿ. ಇಷ್ಟು ತಿಂಗಳು ನಾನು ಬಳಸದೇ ಇದ್ರೆ ಇವರಿಗೆ ಇದನ್ನ ಕೊಡಿ ಅಂತ 10 ಜನರವರೆಗೆ ಹೆಸರಿಸಬಹುದು. ಆ್ಯಪಲ್ ಫೋನ್ ಬಳಸೋರಿಗೆ ಲೆಗಸಿ ಕಾಂಟ್ಯಾಕ್ಟ್ ಅಂತ ಇದೆ, ನಾವು ತೀರಿಕೊಂಡ ಮೇಲೆ ಡೇಟಾ ಯಾರಿಗೆ ಸಿಗಬೇಕು ಅಂತ ಮೊದಲೇ ಹೆಸರಿಸೋದು. ಎರಡು ಹಂತದ ವೆರಿಫಿಕೇಷನ್ ಆನ್ ಮಾಡಿರೋರು ಬ್ಯಾಕಪ್ ಕೋಡನ್ನೂ ತೆಗೆದಿಟ್ಕೊಳ್ಳಿ, 10 ಕೋಡ್ ಕೊಡ್ತಾರೆ, ಒಂದೊಂದೂ ಒಂದೇ ಸಲಕ್ಕೆ. ಫೋನ್ ಕಳೆದು ಓಟಿಪಿ ಬರದ ದಿನ ಅವೇ ಗತಿ. ಆ ಫೋನಲ್ಲೇ ಸ್ಕ್ರೀನ್‌ಶಾಟ್ ತೆಗೆದು ಇಡಬೇಡಿ, ಪ್ರಿಂಟ್ ಹಾಕಿ ಬೀರುವಲ್ಲಿ ಇಟ್ಟು ಮನೇಲಿ ಒಬ್ಬರಿಗಾದ್ರೂ ಎಲ್ಲಿದೆ ಅಂತ ಹೇಳಿರಿ.