ವೀಳ್ಯದೆಲೆಗೆ ಯಾವ ಫಿಲ್ (ತುಂಬು ಹೊಲಿಗೆ)?

ಪ್ರಶ್ನೆ: ರಾ ಸಿಲ್ಕ್ ಬ್ಲೌಸಿನ ಬೆನ್ನಿಗೆ ವೀಳ್ಯದೆಲೆ, ಅಡಿಕೆ ಹಿಂಗಾರದ ಯಂತ್ರ ಕಸೂತಿ ಡಿಸೈನ್ ಪಂಚ್ ಮಾಡಿದ್ದೇನೆ (ಕಂಪ್ಯೂಟರಿನಲ್ಲಿ ಹೊಲಿಗೆಗಳಾಗಿ ರೂಪಿಸಿದ್ದೇನೆ). ಎಲೆ 11 ಮಿ.ಮೀ. ಅಗಲ. ಹೊಳಪು ಬರಲೆಂದು ಎಲ್ಲಕ್ಕೂ ಸ್ಯಾಟಿನ್ ಹೊಲಿಗೆ ಕೊಟ್ಟೆ. ಎಲೆಯ ದಾರ ಬಳೆಗೆ ಸಿಕ್ಕುತ್ತದೆ, ಸುತ್ತಲಿನ ಬಟ್ಟೆ ಸುಕ್ಕುಗಟ್ಟಿದೆ. ಏನು ಮಾಡಲಿ?
– ಓದುಗರು, ತೀರ್ಥಹಳ್ಳಿ

ಉತ್ತರ: ಮೊದಲು ಆಕಾರದ ಅಗಲ ಅಳೆಯಿರಿ. ಸ್ಯಾಟಿನ್‌ನಲ್ಲಿ ದಾರ ಒಂದಂಚಿನಿಂದ ಇನ್ನೊಂದಂಚಿಗೆ ನೇರ ಹಾಯುತ್ತದೆ, ನಡುವೆ ಸೂಜಿ ಇಳಿಯುವುದಿಲ್ಲ. 7 ಮಿ.ಮೀ. ದಾಟಿದರೆ ದಾರಕ್ಕೆ ಹಿಡಿತವಿಲ್ಲ. ಉಜ್ಜಾಟ ಹೆಚ್ಚಿರುವ ಬ್ಲೌಸಿಗೆ 6ಕ್ಕೇ ನಿಲ್ಲಿಸುವುದು ಒಳ್ಳೆಯದು.

ಹಾಗೆಂದು ಹೊಳಪು ಬಿಡಬೇಕಿಲ್ಲ. ನಡುನರದ ಗುಂಟ ಎಲೆಯನ್ನು ಸೀಳಿ, 5.5 ಮಿ.ಮೀ.ನ ಎರಡು ಸ್ಯಾಟಿನ್ ಮಾಡಿ. ಎರಡಕ್ಕೂ ವಿರುದ್ಧ ಓರೆ ಕೊಟ್ಟರೆ ಬೆಳಕು ಬೇರೆ ಬೇರೆಯಾಗಿ ಬಿದ್ದು, ನರ ಹೊಲಿಯದೆಯೇ ಎದ್ದು ಕಾಣುತ್ತದೆ. ಆದರೆ ಓರೆ 20 ಡಿಗ್ರಿ ಮೀರದಿರಲಿ. 45 ಡಿಗ್ರಿ ಕೊಟ್ಟರೆ 5.5ರ ಹೊಲಿಗೆ ಸುಮಾರು 7.8 ಮಿ.ಮೀ. ಉದ್ದವಾಗಿ, ಬಳೆಯ ತೊಂದರೆ ಮತ್ತೆ ಬರುತ್ತದೆ.

ಎಲೆಯನ್ನು 30 ಮಿ.ಮೀ.ಗೆ ಹಿಗ್ಗಿಸುವುದಾದರೆ ಸೀಳಿದರೂ ಸಾಲದು, ನಡುನಡುವೆ ಸೂಜಿ ಇಳಿಯುತ್ತ ಸಾಲುಸಾಲಾಗಿ ತುಂಬುವ ಟಟಾಮಿಯೇ ಬೇಕು. ಸಾಲುಗಳ ಅಂತರ 0.4, ಹೊಲಿಗೆಯ ಉದ್ದ 4 ಮಿ.ಮೀ. ಇಡಿ. ಹಿಂಗಾರದ 1.5–2 ಮಿ.ಮೀ. ಎಳೆಗಳಿಗೆ ಸ್ಯಾಟಿನ್ ಚೆಂದ. 1 ಮಿ.ಮೀ.ಗಿಂತ ತೆಳುವಾದಲ್ಲಿ ಒಂದೇ ಗೆರೆಯ ಮೇಲೆ ಮೂರು ಸಲ ಹಾಯುವ ಟ್ರಿಪಲ್ ರನ್ನಿಂಗ್ ಹಾಕಿ. ಅಲ್ಲಿ ಸ್ಯಾಟಿನ್ ಕೊಟ್ಟರೆ ಸೂಜಿಯ ತೂತುಗಳು ಒತ್ತೊತ್ತಾಗಿ ಬಿದ್ದು ರೇಷ್ಮೆ ಹರಿಯುತ್ತದೆ.

ಸುಕ್ಕಿಗೆ ಬರೋಣ. ಹೊಲಿಗೆ ತನ್ನ ದಿಕ್ಕಿನಲ್ಲೇ ಬಟ್ಟೆಯನ್ನು ಒಳಕ್ಕೆಳೆಯುತ್ತದೆ. ಸಡಿಲ ಕಂಡಿತೆಂದು ಡೆನ್ಸಿಟಿ (ದಾರಗಳ ಒತ್ತೊತ್ತು) ಹೆಚ್ಚಿಸಿದರೆ ಎಳೆತವೂ ಹೆಚ್ಚುತ್ತದೆ. 40ನೇ ನಂಬರ್ ದಾರಕ್ಕೆ 0.4 ಮಿ.ಮೀ. ಅಂತರ ಸಾಕು. ಸ್ಯಾಟಿನ್ ಕೆಳಗೆ ಅಂಚಿನ ರನ್ನಿಂಗ್, ಅದರ ಮೇಲೆ ಜಿಗ್‌ಜಾಗ್ ಅಂಡರ್‌ಲೇ (ಅಡಿಹೊಲಿಗೆ) ಬೀಳಲಿ. ಟಟಾಮಿಯ ಅಂಡರ್‌ಲೇ ಮೇಲಿನ ಸಾಲಿಗೆ ಅಡ್ಡವಾಗಿರಲಿ. ಪುಲ್ ಕಾಂಪೆನ್ಸೇಷನ್ (ಎಳೆತಕ್ಕೆ ಕುಗ್ಗುವಷ್ಟನ್ನು ಮೊದಲೇ ಅಗಲಕ್ಕೆ ಸೇರಿಸುವುದು) 0.2–0.3 ಮಿ.ಮೀ. ಕೊಡಿ. ಆಸರೆಗೆ ಇಡುವ ಅಡಿಯ ಪೇಪರನ್ನು ಬಟ್ಟೆಯ ಜೊತೆಗೇ ಫ್ರೇಮಿಗೆ ಕೂರಿಸಿ. ಕೆಳಗೆ ಬರಿದೇ ತೂರಿಸಿದ ಪೇಪರ್ ಜಾರುತ್ತದೆ. ಬಟ್ಟೆಯನ್ನು ಹಿಗ್ಗಿಸಿ ಕೂರಿಸಿದರಂತೂ ಫ್ರೇಮ್ ಬಿಚ್ಚಿದ ಕೂಡಲೇ ಸುಕ್ಕು.

ಪ್ರಶ್ನೆ: ಇದೇ ಬಗೆಯ ಎಲೆಯನ್ನು ಟೀ ಶರ್ಟಿಗೆ ಹಾಕಬಹುದೇ?
– ಓದುಗರು, ಸಾಗರ

ಉತ್ತರ: ಹಾಕಬಹುದು. ಹರಿದು ತೆಗೆಯುವ ಪೇಪರ್ ಬೇಡ, ಕಟ್‌ಅವೇ (ಸುತ್ತ ಕತ್ತರಿಸಿ, ಹೊಲಿಗೆಯ ಅಡಿಯದ್ದನ್ನು ಹಾಗೇ ಬಿಡುವ ಪೇಪರ್) ಬಳಸಿ. ನಿಟ್ ಬಟ್ಟೆ ಒಗೆದಾಗಲೆಲ್ಲ ಹಿಗ್ಗುವುದರಿಂದ ಆಸರೆ ಒಳಗೇ ಉಳಿಯಬೇಕು. ಬಾಲ್ ಪಾಯಿಂಟ್ (ದುಂಡು ತುದಿಯ) ಸೂಜಿ ಹಾಕಿ. ಪುಲ್ ಕಾಂಪೆನ್ಸೇಷನ್ 0.4ಕ್ಕೆ ಏರಿಸಿ, ಅದೇ ಬಟ್ಟೆಯ ತುಂಡಿನ ಮೇಲೆ ಒಂದು ಎಲೆ ಹೊಲಿದು ಅಳೆದ ಮೇಲೆ ಶರ್ಟನ್ನು ಫ್ರೇಮಿಗೇರಿಸಿ.