ಕಣ್ಣಿಗೆ ಕಾಣದ್ದಕ್ಕೆ ಎರಡು ಪುಟವೇ?

ಓದುಗರೊಬ್ಬರು ಸಿಟ್ಟಾಗಿದ್ದಾರೆ. ‘ಟೆಕ್ಸಾಸ್‌ನ ಗುಹೆಜೇಡಕ್ಕೆ ಎರಡು ಪುಟ ಕೊಟ್ಟಿದ್ದೀರಿ. ಕಣ್ಣಿಗೇ ಕಾಣದ ಕೀಟಕ್ಕಾಗಿ ಜನ ಮನೆ ಕಟ್ಟುವುದನ್ನು ತಡೆಯುವುದು ಯಾವ ನ್ಯಾಯ?’

ಮನೆ ಬೇಕು, ಒಪ್ಪಿದೆ. ಈ ಜೇಡವಿರುವ ಆಸ್ಟಿನ್, ಟೆಕ್ಸಾಸ್‌ನ ರಾಜಧಾನಿ, ಬೆಳೆಯುತ್ತಿರುವ ಊರು. ದುಡ್ಡು ಹಾಕಿ ಜಾಗ ಕೊಂಡವರ ಸಂಕಟವೂ ಸುಳ್ಳಲ್ಲ.

ಆದರೆ ಸ್ವಾಮಿ, ಜೇಡ ಕೀಟವಲ್ಲ. ಕಾಲು ಎಣಿಸಿ, ಎಂಟಿವೆ; ಕೀಟಕ್ಕೆ ಆರೇ. ಇಷ್ಟು ಚೆಂದದ ಪತ್ರ ಬರೆಯುವವರು ಎಣಿಸದೆ ಬಿಡಬಾರದಿತ್ತು.

ಈ ಗುಹೆಜೇಡ ಸೇರಿರುವ ಲೆಪ್ಟೊನೆಟಿಡೇ ಕುಟುಂಬಕ್ಕೆ 1890ರಲ್ಲಿ ಆ ಹೆಸರಿಟ್ಟವರು ಫ್ರಾನ್ಸಿನ ಜೇಡತಜ್ಞ ಯೂಜೀನ್ ಸಿಮೋನ್. ಇದರ ಜೇಡಗಳು ಎಲ್ಲವೂ ಪುಟಾಣಿಗಳೇ. ಸಾಮಾನ್ಯವಾಗಿ ಆರು ಕಣ್ಣು: ನಾಲ್ಕು ಮುಂದೆ, ಎರಡು ಸ್ವಲ್ಪ ಹಿಂದೆ. ಗುಹೆ ಸೇರಿದ ಕೆಲವಕ್ಕೆ ಕಣ್ಣೇ ಇಲ್ಲ. ನೀವು ಬೈದಿರುವುದು ಟೂತ್ ಎಂಬ ಗುಹೆಯ ಜೇಡವನ್ನು; ಅದನ್ನು 1974ರಲ್ಲಿ ಮೊದಲು ವಿವರಿಸಿದವರು ಅಮೆರಿಕದ ಜೇಡತಜ್ಞ ವಿಲಿಸ್ ಗೆರ್ಚ್. ಮೈ ಎರಡು ಮಿಲಿಮೀಟರ್ ಕೂಡ ಇಲ್ಲ. ಬಣ್ಣ ಬಿಳಚು, ಕಾಲು ಮಾತ್ರ ಉದ್ದ. ಸಿಕ್ಕುಸಿಕ್ಕಾದ ಒಂದಷ್ಟು ಎಳೆ ಹಿಡಿದು ತಲೆಕೆಳಗಾಗಿ ತೂಗುತ್ತಿರುತ್ತದೆ.

ಬಿಸಿಲಿಲ್ಲದ ಕಡೆ ಊಟ ಎಲ್ಲಿಂದ? ಮೇಲಿನಿಂದಲೇ. ಗುಹೆಯ ಮಿಡತೆಗಳು ರಾತ್ರಿ ಹೊರಗೆ ಹೋಗಿ ತಿಂದು ಬರುತ್ತವೆ. ಅವುಗಳ ಹಿಕ್ಕೆ, ಮೊಟ್ಟೆ, ಹೆಣ ಒಳಗಿನವರಿಗೆ ಆಹಾರ. ಮಳೆನೀರು ತರುವ ತರಗೆಲೆ, ಸುಣ್ಣದಕಲ್ಲು ಸೀಳಿ ಇಳಿಯುವ ಬೇರು, ಅದೂ ಸೇರಿಯೇ ಲೆಕ್ಕ. ಮೇಲೆ ಕಾಂಕ್ರೀಟ್ ಬಿತ್ತೋ, ಕೆಳಗೆ ಉಪವಾಸ. ಜನ ಬಂದಲ್ಲಿ ಹೊರದೇಶದ ಬೆಂಕಿ ಇರುವೆಯೂ ಬರುತ್ತದೆ. ಅದು ಮಿಡತೆಯ ಊಟಕ್ಕೂ ಕೈ ಹಾಕುತ್ತದೆ. ಗುಹೆಯ ಬಾಯಿಗೆ ಬೇಲಿ ಹಾಕಿ ‘ಕಾಪಾಡಿದೆವು’ ಅನ್ನುವುದು ಸುಮ್ನೆ ಮಾತು. ಕಾಪಾಡಬೇಕಾದ್ದು ಮೇಲಿನ ನೆಲವನ್ನು.

ಇನ್ನು, ಮನೆ ಕಟ್ಟುವುದನ್ನು ತಡೆದದ್ದಾದರೂ ಎಲ್ಲಿ? 1988ರಲ್ಲಿ ಅಮೆರಿಕ ಈ ಜೇಡವನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು. 1996ರಲ್ಲಿ ಆಸ್ಟಿನ್ ನಗರ, ಅದಿರುವ ಟ್ರಾವಿಸ್ ಕೌಂಟಿ (ನಮ್ಮ ಜಿಲ್ಲೆಯಂತೆ) ಸೇರಿ ಒಂದು ಯೋಜನೆಗೆ ಅನುಮತಿ ಪಡೆದವು. ಎರಡು ಹಕ್ಕಿ, ಆರು ಗುಹೆಜೀವಿಗಳಿಗೆ ಒಂದಿಷ್ಟು ನೆಲ ಕಾದಿಡುವುದು, ಉಳಿದ ಕಡೆ ಶುಲ್ಕ ಕಟ್ಟಿ ಕಟ್ಟಡ ಎಬ್ಬಿಸುವುದು. ಊರೇನೂ ನಿಂತುಬಿಡಲಿಲ್ಲ.

ನನ್ನ ಹೊಟ್ಟೆಯುರಿ ಬೇರೆಯೇ ಇದೆ. ಮುಖಪುಟಕ್ಕೆ ಜೇಡ ಹಾಕೋಣ ಅಂದರೆ ನಮ್ಮ ಮಾರಾಟ ವಿಭಾಗದವರು ‘ಹುಲಿ ಇಲ್ವಾ ಸಾರ್?’ ಅನ್ನುತ್ತಾರೆ. ಪಾಠಪುಸ್ತಕದಲ್ಲಿ ಹುಲಿ, ಕ್ಯಾಲೆಂಡರಿನಲ್ಲಿ ಹುಲಿ, ದೇಣಿಗೆ ಡಬ್ಬಿಯ ಮೇಲೂ ಹುಲಿ. ಮುದ್ದಾದ ಮುಖವಿದ್ದರೆ ಮಾತ್ರ ಬದುಕುವ ಹಕ್ಕು, ಅಲ್ವಾ?

ಮುಂದಿನ ಸಂಚಿಕೆಯಲ್ಲಿ ಅದೇ ಟೂತ್ ಗುಹೆಯ ಹುಸಿಚೇಳು (ಚೇಳಿನಂತೆಯೇ ಇಕ್ಕುಳ, ಆದರೆ ಕೊಂಡಿಯ ಬಾಲವಿಲ್ಲದ ಪುಟ್ಟ ಜೀವಿ) ಬರಲಿದೆ. ಅದಕ್ಕೆ ಮೂರು ಪುಟ. ನಿಮ್ಮ ಪತ್ರಕ್ಕೆ ಈಗಲೇ ಜಾಗ ಬಿಟ್ಟಿದ್ದೇನೆ.

– ಸಂಪಾದಕ