ಅಮ್ಮನ ಬೀರು, ಮಗಳ ಬೀರು: ನೀವು ಕೇಳಿದ್ದಕ್ಕೆ ನನ್ನ ಉತ್ತರ

ಹೋದ ತಿಂಗಳು ಹಳೇ ರೇಷ್ಮೆ ಸೀರೆ ಮಡಚಿಡೋ ಬಗ್ಗೆ ನಾಲ್ಕು ಸಾಲು ಬರೆದಿದ್ದೆ ನೋಡಿ, ಅದಾದ್ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಸೀರೆ ಬಗ್ಗೆ ಇರ್ಲೇ ಇಲ್ಲ, ಅಮ್ಮಂದಿರ ಬಗ್ಗೆ ಇದ್ವು. ಅಮ್ಮ ಏನು ಉಡ್ತಿದ್ರು, ನಮಗೆ ಏನು ಹಾಕ್ಸಿದ್ರು, ಏನು ಬೇಡ ಅಂದ್ರು, ಬರೀ ಇದೇ. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ ಇಟ್ಟಿದ್ದೀನಿ. ಹೆಸರು ಬೇಡ ಅಂದವರೇ ಜಾಸ್ತಿ ಇದ್ರಿಂದ ಎಲ್ಲರದ್ದೂ ಊರು ಮಾತ್ರ ಹಾಕಿದ್ದೀನಿ.

ಪ್ರಶ್ನೆ (ಬೆಂಗಳೂರು): ಅಕ್ಕಾ, ನಮ್ಮಮ್ಮ ಹೋಗಿ ಒಂದೂವರೆ ವರ್ಷ ಆಯ್ತು. ನನಗೀಗ 29. ಬೀರು ತುಂಬ ಅವರ ಸೀರೆ ಇದೆ, ಗಿಳಿಹಸಿರು, ರಾಣಿ ಪಿಂಕ್, ಬದನೆಕಾಯಿ ಬಣ್ಣ. ನಾನು ಆಫೀಸಿಗೆ ಹಾಕೋದು ಬೂದು, ಬಿಳಿ, ನೇವಿ ಬ್ಲೂ ಕುರ್ತಿ, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅನ್ಸುತ್ತೆ. ಬ್ಲೌಸುಗಳೂ ನನಗಾಗಲ್ಲ. ಚಿಕ್ಕಮ್ಮ ಯಾರಿಗಾದ್ರೂ ಕೊಟ್ಬಿಡು ಅಂತಾರೆ. ಕೊಡೋಕೆ ಮನಸ್ಸಿಲ್ಲ, ಉಡೋಕೆ ಧೈರ್ಯ ಇಲ್ಲ. ಏನ್ಮಾಡ್ಲಿ?

ಉತ್ತರ: ಈ ವರ್ಷ ಯಾರಿಗೂ ಏನೂ ಕೊಡ್ಬೇಡಿ. ಚಿಕ್ಕಮ್ಮನಿಗೆ ಹೇಳಿ, ಕೊಡೋದಿದ್ರೆ ನಾನೇ ಕರೆದು ಕೊಡ್ತೀನಿ ಅಂತ. ಇಟ್ಟುಕೊಂಡ ಸೀರೆ ಯಾವಾಗ ಬೇಕಾದ್ರೂ ಕೊಡಬಹುದು, ಕೊಟ್ಟ ಸೀರೆ ವಾಪಸ್ ಕೇಳೋಕಾಗಲ್ಲ.

ಆದ್ರೆ ಸಂಬಂಧವೇ ಇಲ್ಲ ಅಂದ್ರಲ್ಲ, ಅದನ್ನ ನಾನು ಒಪ್ಪಲ್ಲ. ನಮ್ಮವ್ವ ಬಾಗಲಕೋಟೆ ಕಡೆ ಪ್ರೈಮರಿ ಸ್ಕೂಲ್ ಟೀಚರ್ ಆಗಿದ್ರು. ಸ್ಕೂಲಿಗೆ ಅಂತ ಆರೇ ಆರು ಇಳಕಲ್ ಸೀರೆ, ವಾರಕ್ಕೆ ಆರು ದಿನ, ಯಾವ ದಿನ ಯಾವ ಸೀರೆ ಅಂತ ನಮಗೂ ಬಾಯಿಪಾಠ. ಅಂಗಡಿಗೆ ಹೋದ್ರೆ ಅವ್ವ ಬಣ್ಣ ನೋಡ್ತಿದ್ದದ್ದು ಕೊನೆಗೆ. ಮೊದಲು ಸೀರೆ ಮಗುಚಿ ಹಿಂಬದಿ ನೋಡೋರು, ಆಮೇಲೆ ಸೆರಗು ಒಡಲಿಗೆ ಸೇರೋ ಜಾಗದಲ್ಲಿ ಬೆರಳಾಡಿಸೋರು. ಇಳಕಲ್ ಸೀರೇಲಿ ಒಡಲಿನ ಹಾಸು, ಅಂದ್ರೆ ಮಗ್ಗದಲ್ಲಿ ಉದ್ದಕ್ಕೆ ಹಾಕೋ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ, ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಜೋಡಿಸಿ ನೇಯ್ತಾರೆ, ಆ ಕೊಂಡಿ ಬೆರಳಿಗೆ ಸಿಕ್ಕಿದ್ರೆ ಅವ್ವನ ಮುಖ ಅರಳೋದು, ಸಿಗದಿದ್ರೆ ಎದ್ದು ಹೊರಟುಬಿಡೋರು. ಸಂಶಯ ಬಂದ್ರೆ ಅಂಚಿಂದ ಒಂದು ಎಳೆ ಕಿತ್ತು ಬೆಂಕಿಕಡ್ಡಿ ತಾಗಿಸೋರು, ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದ್ರೆ ರೇಷ್ಮೆ, ಕರಗಿ ಗಟ್ಟಿ ಮಣಿ ತರ ಆದ್ರೆ ಪಾಲಿಯೆಸ್ಟರ್. ಅಂಗಡಿಯವರು ಏನಂದ್ಕೋತಾರೋ ಅಂತ ನನಗೆ ನಾಚಿಕೆ ಆಗೋದು, ಅವ್ವನಿಗೆ ಆಗ್ತಿರ್ಲಿಲ್ಲ.

ಬೆಂಗಳೂರಿಗೆ ಬಂದ್ಮೇಲೆ ಮೂವತ್ತು ವರ್ಷದಲ್ಲಿ ನಾನು ಇಳಕಲ್ ಉಟ್ಟಿದ್ದು ಎಣಿಸಿ ಹೇಳಬಹುದು, ಅಷ್ಟು ಕಮ್ಮಿ. ಆದ್ರೆ ಇವತ್ತಿಗೂ ಒಂದು ದುಪಟ್ಟಾ ತಗೊಳ್ಳೋವಾಗಲೂ ಮಗುಚಿ ಹಿಂಬದಿ ನೋಡ್ದೆ ದುಡ್ಡು ಕೊಡಲ್ಲ. ಅವ್ವನ ಸೀರೆ ನನ್ನ ಬೀರುವಿಗೆ ಬಂದಿದ್ದು ಎಷ್ಟೋ ವರ್ಷ ಆದ್ಮೇಲೆ, ಅವ್ವನ ಬೆರಳು ಮಾತ್ರ ಮೊದಲೇ ಬಂದಿತ್ತು.

ನೀವೂ ಒಂದು ಭಾನುವಾರ ನಿಮ್ಮ ಕುರ್ತಿಗಳನ್ನೆಲ್ಲ ಮಂಚದ ಮೇಲೆ ಹರಡಿ, ಪಕ್ಕದಲ್ಲೇ ಅಮ್ಮನ ಸೀರೆ ಬ್ಲೌಸು ಹರಡಿ. ಬಣ್ಣ ಮರೆತುಬಿಡಿ. ಕತ್ತು ಎಷ್ಟು ಆಳ ಇದೆ, ತೋಳು ಎಲ್ಲಿಗೆ ನಿಲ್ಲುತ್ತೆ, ಹೂ ದೊಡ್ಡದಾ ಚಿಕ್ಕದಾ ಅಥವಾ ಪ್ಲೇನಾ, ಬಟ್ಟೆ ಮೈಗೆ ಅಂಟೋ ತರದ್ದಾ ನಿಲ್ಲೋ ತರದ್ದಾ, ಇಸ್ತ್ರಿ ಇಲ್ಲದೆ ಇಬ್ಬರಲ್ಲಿ ಯಾರಾದ್ರೂ ಮನೆ ಬಿಟ್ಟು ಹೊರಟಿದ್ದಿದ್ಯಾ ಅಂತ ನೋಡಿ. ಏನೋ ಒಂದು ಸಿಕ್ಕೇ ಸಿಗುತ್ತೆ. ಸಿಕ್ಕಾಗ ಅಳು ಬಂದ್ರೆ ಅತ್ತುಬಿಡಿ, ಅದಕ್ಕೇ ಭಾನುವಾರ ಅಂದಿದ್ದು.

ಬ್ಲೌಸಿನ ಮಾತು. ಹಳೇ ಬ್ಲೌಸಿನ ಪಕ್ಕದ ಹೊಲಿಗೆ ಒಳಗೆ ಎರಡು ಮೂರು ಸಾಲು ಹೊಲಿಗೆ ಹಾಕಿ ಬಟ್ಟೆ ಬಿಟ್ಟಿರ್ತಾರೆ, ಬಿಚ್ಚಿದ್ರೆ ಒಂದೆರಡು ಇಂಚು ಸಿಗುತ್ತೆ, ಟೈಲರ್ ಹತ್ರ ತಗೊಂಡು ಹೋಗಿ ತೋರಿಸಿ. ಸಿಗದಿದ್ರೂ ಪರವಾಗಿಲ್ಲ, ನಿಮ್ಮದೇ ನೇವಿ ಬ್ಲೂ ಕಾಟನ್ ಶರ್ಟಿನ ಮೇಲೆ ಆ ಬದನೆಕಾಯಿ ಬಣ್ಣದ ಸೀರೆ ಉಟ್ಟು ನೋಡಿ, ಬೂದು ಟಾಪಿನ ಮೇಲೆ ರಾಣಿ ಪಿಂಕ್ ನೋಡಿ. ಅಮ್ಮನ ಬಣ್ಣ ಮೇಲೆ, ನಿಮ್ಮ ಬಣ್ಣ ಒಳಗೆ, ಚೆನ್ನಾಗೇ ಕಾಣುತ್ತೆ, ನಾನು ಎಷ್ಟೋ ಹುಡುಗಿಯರಿಗೆ ಉಡಿಸಿ ನೋಡಿದ್ದೀನಿ. ಮೊದಲ ಸಲ ಯಾವ ಫಂಕ್ಷನ್ನಿಗೂ ಬೇಡ. ಮನೇಲೇ ಸಂಜೆ ಒಂದು ಗಂಟೆ ಉಟ್ಕೊಂಡು ಕಾಫಿ ಕುಡೀರಿ ಸಾಕು.

ಪ್ರಶ್ನೆ (ದಾವಣಗೆರೆ): ಮೇಡಂ, ಮಗಳಿಗೆ 16 ವರ್ಷ, ಫಸ್ಟ್ ಪಿಯುಸಿ. ಯಾವಾಗ ನೋಡಿದ್ರೂ ಕಪ್ಪು ಬಣ್ಣದ, ಇಬ್ಬರು ಹಿಡಿಸೋಷ್ಟು ದೊಡ್ಡ ಟೀ ಶರ್ಟು. ನಾನು ಚೆನ್ನಾಗಿ ಡ್ರೆಸ್ ಮಾಡ್ಕೊಳ್ಳೋಳು, ಅವಳಿಗೂ ಚಿಕ್ಕಂದಿನಿಂದ ಮ್ಯಾಚಿಂಗ್ ಮಾಡಿ ಹಾಕ್ತಿದ್ದೆ. ಮುಂದಿನ ತಿಂಗಳು ನನ್ನ ತಮ್ಮನ ಮದುವೆ, ಲಂಗ ದಾವಣಿ ಅಂದ್ರೆ ರೂಮಿನ ಬಾಗಿಲು ಹಾಕ್ಕೋತಾಳೆ.

ಉತ್ತರ: ಹದಿನಾರಕ್ಕೆ ಮೈ ದಿನಕ್ಕೊಂದು ತರ ಅನ್ಸುತ್ತೆ, ನೋಡೋರ ಕಣ್ಣೂ ಬದಲಾಗಿರುತ್ತೆ, ಆ ದೊಡ್ಡ ಟೀ ಶರ್ಟು ಅವಳಿಗೆ ಒಂದು ಮರೆ. ಅದನ್ನ ಕಿತ್ಕೋಬೇಡಿ ದಯವಿಟ್ಟು. "ದಪ್ಪ ಕಾಣ್ತೀಯ", "ಹುಡುಗನ ತರ ಕಾಣ್ತೀಯ" ಅನ್ನೋ ಮಾತು ಮನೇಲಿ ಯಾರೂ ಆಡದ ಹಾಗೆ ನೋಡ್ಕೊಳ್ಳಿ, ಅಜ್ಜಿ ಆದ್ರೂ ಸರಿ.

ಅವಳಿಗೆ ಬಟ್ಟೆ ಮೇಲೆ ಆಸಕ್ತಿ ಇಲ್ಲ ಅಂತಲೂ ಅಂದ್ಕೋಬೇಡಿ. ಒಂದ್ಸಲ ಕೇಳಿ ನೋಡಿ, ಈ ಟೀ ಶರ್ಟು ಎಷ್ಟು ಜಿಎಸ್‌ಎಂ ಅಂತ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತೆ ಅನ್ನೋ ಲೆಕ್ಕ ಅದು, ಈ ತರದ ದೊಡ್ಡ ಟೀ ಶರ್ಟು ಸಾಮಾನ್ಯವಾಗಿ 200ರ ಮೇಲೆ ಇರುತ್ತೆ, ಈಗಿನ ಮಕ್ಕಳು ಆನ್‌ಲೈನಲ್ಲಿ ಅದನ್ನ ನೋಡಿಯೇ ತಗೋತಾರೆ. ಭುಜದ ಹೊಲಿಗೆ ಎಲ್ಲಿ ಇಳೀಬೇಕು, ಕಪ್ಪು ಎಷ್ಟು ಒಗೆತಕ್ಕೆ ಮಾಸುತ್ತೆ, ಇದೆಲ್ಲ ಅವಳಿಗೆ ನಿಮಗಿಂತ ಚೆನ್ನಾಗಿ ಗೊತ್ತಿರಬಹುದು. ನೀವು ಮ್ಯಾಚಿಂಗ್ ಮಾಡಿ ಬೆಳೆಸಿದ ಮಗು ಅಲ್ವಾ, ನೋಡೋ ಕಣ್ಣು ಎಲ್ಲಿಗೆ ಹೋಗುತ್ತೆ, ಅದೀಗ ಬೇರೆ ಬಟ್ಟೆ ನೋಡ್ತಿದೆ ಅಷ್ಟೇ.

ಮದುವೆಗೆ ಒಂದು ಮೊತ್ತ ಹೇಳಿ, ಇಷ್ಟರಲ್ಲಿ ನೀನೇ ಆರಿಸು, ನಾನು ಜೊತೆಗೆ ಬರ್ತೀನಿ ಆದ್ರೆ ಬಾಯಿ ಹಾಕಲ್ಲ ಅನ್ನಿ. ಬಾಯಿ ಹಾಕದೆ ಇರೋದು ಕಷ್ಟ, ಆದ್ರೂ ಹಾಕ್ಬೇಡಿ. ನಾನು ಆ ವಯಸ್ಸಲ್ಲಿ ಹೊಳೆಯೋ ಪಾಲಿಯೆಸ್ಟರ್ ಡ್ರೆಸ್ಸಿಗೆ ಹಟ ಹಿಡಿದಿದ್ದೆ, ಅಷ್ಟು ಖಡಕ್ಕಾಗಿದ್ದ ಅವ್ವ ಒಂದು ಮಾತೂ ಆಡದೆ ಕೊಡಿಸಿದ್ರು. ಏಪ್ರಿಲ್ ತಿಂಗಳ ಬಿಸಿಲಲ್ಲಿ ಬಸ್‌ಸ್ಟ್ಯಾಂಡಲ್ಲಿ ಅದನ್ನ ಹಾಕ್ಕೊಂಡು ನಿಂತಿದ್ದು ಇವತ್ತಿಗೂ ಮೈಗೆ ನೆನಪಿದೆ. ಕಪ್ಪೇ ಬೇಕು ಅಂದ್ರೆ ಕಪ್ಪೇ ಇರಲಿ ಬಿಡಿ. ನಮ್ಮ ಕಡೆ ಮದುಮಗಳಿಗೇ ಕಸೂತಿ ಹಾಕಿದ ಕಪ್ಪು ಚಂದ್ರಕಾಳಿ ಸೀರೆ ಕೊಡೋ ಪದ್ಧತಿ ಇದೆ, ಮದುವೆ ಮನೇಲಿ ಕಪ್ಪು ಕೆಟ್ಟದ್ದು ಅಂತ ಯಾರಾದ್ರೂ ಅಂದ್ರೆ ಇದನ್ನೇ ಹೇಳಿ.

ಪ್ರಶ್ನೆ (ರಾಯಚೂರು): ಅಕ್ಕಾರ, ನಾ ಸಣ್ಣಾಕಿದ್ದಾಗಿಂದ ನಮ್ಮವ್ವ ಒಂದ ಮಾತು, ನಿನ್ನ ಮೈಬಣ್ಣಕ್ಕ ಹಳದಿ ಕೆಂಪು ಹೊಂದೂದಿಲ್ಲ ಅಂತ. ಈಗ ನನಗ 34, ಇವತ್ತಿನತನ ಹಳದಿ ಮೈಮ್ಯಾಲೆ ಹಾಕಿಲ್ಲ. ಮೊನ್ನೆ ಅಂಗಡಿಯೊಳಗ ನನ್ನ ಮಗಳು ಒಂದು ಹಳದಿ ಫ್ರಾಕ್ ಹಿಡಕೊಂಡ್ಲು, ಬ್ಯಾಡವಾ ನಿನಗ ಹೊಂದೂದಿಲ್ಲ ಅಂದೆ. ಅಂದ ಮ್ಯಾಲೆ ನನಗ ತಿಳೀತು ನಾ ಏನಂದೆ ಅಂತ. ಎರಡು ದಿನದಿಂದ ನಿದ್ದಿ ಇಲ್ಲ.

ಉತ್ತರ: ನಿಮ್ಮ ಪತ್ರ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ ತಂಗಿ. ಅಂದ ತಕ್ಷಣ ನಿಮಗೇ ತಿಳೀತಲ್ಲ, ಎಷ್ಟೋ ಮನೆಗಳಲ್ಲಿ ಈ ಮಾತು ಅಜ್ಜಿಯಿಂದ ಮೊಮ್ಮಗಳವರೆಗೆ ಯಾರೂ ತಡೆಯದೇ ಹಂಗೇ ಇಳ್ಕೊಂಡು ಬಂದುಬಿಡುತ್ತೆ.

ಇವತ್ತೇ ಮಗಳನ್ನ ಕೂರಿಸ್ಕೊಂಡು ಹೇಳಿ, "ನಾ ಅಂಗಡಿಯೊಳಗ ಹೇಳಿದ್ದು ತಪ್ಪು, ನನಗೂ ಯಾರೋ ಹಂಗ ಹೇಳಿದ್ರು, ಅವರು ಹೇಳಿದ್ದೂ ತಪ್ಪು" ಅಂತ. ಇಷ್ಟೇ ಸಾಕು, ಮಕ್ಕಳಿಗೆ ಉದ್ದ ಭಾಷಣ ಬೇಡ. ಆಮೇಲೆ ಇಬ್ಬರೂ ಹೋಗಿ ಎರಡು ಹಳದಿ ತನ್ನಿ, ಒಂದು ಅವಳಿಗೆ ಒಂದು ನಿಮಗೆ. ನಿಮಗೆ ಅನ್ನೋದನ್ನ ಬಿಡಬೇಡಿ, ನೀವು ಹಾಕಿದ್ದು ಕಂಡ್ರೇನೇ ಅವಳು ನಂಬೋದು.

ನಿಮ್ಮ ಸೀಮೆಯ ಹೆಂಗಸರನ್ನೇ ನೋಡಿ. ಇಳಕಲ್ ಸೀರೆ ಸೆರಗು ಅಂದ್ರೆ ಕಡು ಕೆಂಪು, ಅದರಲ್ಲಿ ಬಿಳಿ ಎಳೆಯ ತೋಪು ತೆನಿ ಅನ್ನೋ ವಿನ್ಯಾಸ. ಆ ಕೆಂಪನ್ನ ತಲೆ ಮೇಲೆ ಹೊದ್ದು ಬಿಸಿಲಲ್ಲಿ ಹೊಲಕ್ಕೆ ಹೋಗಿ ದುಡಿದ ತಾಯಂದಿರು ಎಲ್ಲ ಮೈಬಣ್ಣದೋರೂ ಇದ್ರು, ಗುಳೇದಗುಡ್ಡದ ಖಣದ ಕುಪ್ಪಸ ಬೇರೆ. ಮೈಬಣ್ಣ ನೋಡಿ ಯಾವ ನೇಕಾರನೂ ಸೆರಗಿನ ಬಣ್ಣ ಬದಲಾಯಿಸಿಲ್ಲ. ಆ ಮಾತು ಮಗ್ಗದ ಕಡೆಯಿಂದ ಬಂದಿದ್ದಲ್ಲ, ಹೆಣ್ಣು ನೋಡೋಕೆ ಬಂದೋರ ಬಾಯಿಂದ ಬಂದಿದ್ದು. ನಿಮ್ಮವ್ವನಿಗೂ ಯಾರೋ ಅಂದಿರಬೇಕು, ಮಗಳು ಆ ಮಾತು ಕೇಳೋ ಹಂಗಾಗಬಾರದು ಅಂತ ಮುಚ್ಚಿಡೋಕೆ ನೋಡಿದ್ರೇನೋ. ಜಗಳಕ್ಕಲ್ಲ, ಒಮ್ಮೆ ಪಕ್ಕದಲ್ಲಿ ಕೂತು ಕೇಳಿ, "ಯವ್ವಾ, ನಿನಗ ಯಾರು ಹಂಗ ಅಂದಿದ್ರು" ಅಂತ.

ಇನ್ನೊಂದು, ಅಂಗಡಿ ಟ್ಯೂಬ್‌ಲೈಟಲ್ಲಿ ಬಣ್ಣ ಆರಿಸ್ಬೇಡಿ. ಬಾಗಿಲ ಹತ್ರ ಬೆಳಕಿಗೆ ಬಂದು ಬಟ್ಟೆಯನ್ನ ಗದ್ದದ ಕೆಳಗೆ ಹಿಡಿದು ನೋಡಿ. ಹಳದಿ ಅಂದ್ರೂ ಒಂದೇ ಹಳದಿ ಇರಲ್ಲ, ಅರಿಶಿನದ್ದು, ಸಾಸಿವೆ ಹೂವಿಂದು, ನಿಂಬೆಹಣ್ಣಿಂದು ಅಂತ ಹತ್ತು ತರ ಇರ್ತವೆ. ಯಾವುದು ಹಾಕ್ಕೊಂಡಾಗ ನಿಮಗೆ ಖುಷಿ ಆಗುತ್ತೋ ಅದು ನಿಮ್ಮದು.

ಪ್ರಶ್ನೆ (ಮೈಸೂರು): ಅಮ್ಮನ ಮದುವೆಯ ಮೈಸೂರು ಸಿಲ್ಕ್ ಸೀರೆ ಕತ್ತರಿಸಿ ಲೆಹಂಗಾ ಹೊಲಿಸ್ಬೇಕು ಅಂತ ನನ್ನ ಆಸೆ. ಜರಿ ಅಲ್ಲಲ್ಲಿ ಕಪ್ಪಾಗಿದೆ. ಅಮ್ಮ "ನಿನ್ನಿಷ್ಟ" ಅಂದ್ರು, ಮುಖ ಮಾತ್ರ ಸಪ್ಪಗಾಯ್ತು. ಕತ್ತರಿಸ್ಲಾ?

ಉತ್ತರ: ಮುಖ ಸಪ್ಪಗಾಗಿದ್ದು ನೀವೇ ನೋಡಿದ್ದೀರಿ, ಅದೇ ಉತ್ತರ. ಸದ್ಯಕ್ಕೆ ಕತ್ತರಿ ಬೇಡ.

ಲೆಹಂಗಾ ಆಸೆಗೆ ದಾರಿ ಇದೆ. ಐದೂವರೆ ಮೀಟರ್ ಸೀರೆಯನ್ನ ಕತ್ತರಿಸದೇ ಹಾಗೇ ಒತ್ತಾಗಿ ನಿರಿಗೆ ಹಿಡಿದು ಬೇರೆ ಬಟ್ಟೆಯ ಸೊಂಟಪಟ್ಟಿಗೆ ಕೈಹೊಲಿಗೆ ಹಾಕಿಸಬಹುದು, ಉದ್ದ ಜಾಸ್ತಿ ಆದ್ರೆ ಮೇಲ್ಗಡೆ ಒಳಕ್ಕೆ ಮಡಚ್ತಾರೆ, ಫಂಕ್ಷನ್ ಮುಗಿದ್ಮೇಲೆ ಬಿಚ್ಚಿದ್ರೆ ಮತ್ತೆ ಸೀರೆ. ಮೈಸೂರು ಸಿಲ್ಕ್ ಕ್ರೇಪ್ ರೇಷ್ಮೆ, ಮೆತ್ತಗೆ ಇಳಿಬೀಳೋದ್ರಿಂದ ನಿರಿಗೆ ತುಂಬಾ ಚೆಂದ ಕೂರುತ್ತೆ. ಹೊಲಿಸೋಕೆ ಮುಂಚೆ ಹಳೇ ಮಡಿಕೆ ಗೆರೆ ಮೇಲೆ ಎರಡೂ ಕಡೆ ಮೆಲ್ಲಗೆ ಎಳೆದು ನೋಡಿ. ಎಳೆ ಬಿಟ್ಕೊಂಡ್ರೆ ಆ ಸೀರೆ ಭಾರ ತಡೆಯಲ್ಲ, ಆಗ ಅಂಚು ಸೆರಗು ಮಾತ್ರ ಉಳಿಸ್ಕೊಂಡು ಬೇರೆ ಬಟ್ಟೆಗೆ ಕೂರಿಸೋ ಮಾತಾಡಬಹುದು, ಅದೂ ಅಮ್ಮನ್ನ ಜೊತೆಗೆ ಕೂರಿಸ್ಕೊಂಡು.

ಜರಿ ಕಪ್ಪಾಗಿದೆ ಅಂತ ಬೇಜಾರು ಬೇಡ, ಬೆಳ್ಳಿ ಇರೋ ಜರಿಯೂ ಕಾಲ ಕಳೆದಂತೆ ಕಪ್ಪಾಗುತ್ತೆ. 1912ರಲ್ಲಿ ಮೈಸೂರಲ್ಲಿ ಶುರುವಾದ ರೇಷ್ಮೆ ಕಾರ್ಖಾನೆ, ಈಗ ರಾಜ್ಯ ಸರ್ಕಾರದ ಕೆಎಸ್‌ಐಸಿ (ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ) ನಡೆಸ್ತಿರೋದು, ಅವರು ಬಳಸೋ ಜರಿಯಲ್ಲಿ 65 ಪರ್ಸೆಂಟ್ ಬೆಳ್ಳಿ, 0.65 ಪರ್ಸೆಂಟ್ ಚಿನ್ನ ಅಂತ ಅವರೇ ಹೇಳ್ತಾರೆ. ನುಸಿಗುಳಿಗೆ ಸೀರೆಗೆ ತಾಗಬಾರದು, ಉಟ್ಟಮೇಲೆ ಸೆಂಟು ಹೊಡೀಬಾರದು, ಹಳೇ ಬಿಳಿ ಪಂಚೆಯಲ್ಲಿ ಸುತ್ತಿಟ್ಟು ಮೂರು ನಾಲ್ಕು ತಿಂಗಳಿಗೊಮ್ಮೆ ಮಡಿಕೆ ಬದಲಾಯಿಸಿ. ಹಳೇ ಜರಿ ಸೀರೆ ತಗೋತೀವಿ ಅಂತ ಬೀದೀಲಿ ಕೂಗ್ಕೊಂಡು ಬರೋರಿಗೆ ಮಾತ್ರ ಕೊಡ್ಬೇಡಿ, ಅವರು ಅಮ್ಮನ ಮದುವೆಯನ್ನ ಗ್ರಾಂ ಲೆಕ್ಕದಲ್ಲಿ ತೂಗ್ತಾರೆ.

ಪ್ರಶ್ನೆ (ಶಿವಮೊಗ್ಗ): ಅಪ್ಪ ಹೋಗಿ ನಾಲ್ಕು ವರ್ಷ. ಅಮ್ಮನಿಗೆ 62. ಆವತ್ತಿಂದ ತಿಳಿ ಬಣ್ಣ ಬಿಟ್ಟು ಬೇರೆ ಉಟ್ಟಿಲ್ಲ. ಚಿಕ್ಕವಳಿದ್ದಾಗ ನನ್ನ ಫ್ರಾಕಿಗೆ ಯಾವ ರಿಬ್ಬನ್ ಅಂತ ಬೆಳಿಗ್ಗೆ ಬೆಳಿಗ್ಗೆ ತಲೆ ಕೆಡಿಸ್ಕೊಳ್ತಿದ್ದೋರು. ದೀಪಾವಳಿಗೆ ಕೆಂಪಂಚಿನ ಸೀರೆ ತಂದ್ಕೊಟ್ಟೆ, ಮಡಿಕೆನೂ ಬಿಚ್ಚದೆ ಬೀರುವಿನಲ್ಲಿಟ್ರು.

ಉತ್ತರ: ನೀವು ಪ್ರೀತಿಯಿಂದಲೇ ತಂದಿದ್ದೀರಿ, ಆದ್ರೆ ಅದನ್ನ ಉಟ್ಟು ಹೊರಗೆ ಬಂದ್ರೆ ಬೀದಿಯವರು, ನಾದಿನಿಯರು, ಓರಗಿತ್ತಿಯರು ಎಲ್ಲರ ಕಣ್ಣಿಗೂ ಉತ್ತರ ಕೊಡಬೇಕಾದೋರು ಅಮ್ಮ ಒಬ್ಬರೇ. ಈ ಪದ್ಧತಿ ನನಗೂ ಸಿಟ್ಟು ಬರಿಸುತ್ತೆ, ಗಂಡ ಹೋದ ತಕ್ಷಣ ಹೆಂಗಸಿನ ಮೈಮೇಲಿನ ಬಣ್ಣಾನೂ ಹೋಗಬೇಕು ಅನ್ನೋದು ಯಾವ ನ್ಯಾಯ. ಆದ್ರೂ ನಮ್ಮ ಸಿಟ್ಟನ್ನ ಅವರ ಮೈಮೇಲೆ ಉಡಿಸೋಕಾಗಲ್ಲ.

ರಿಬ್ಬನ್ ವಿಷಯ ಬರೆದ್ರಲ್ಲ, ಅಲ್ಲಿಂದ ಶುರು ಮಾಡಿ. ನಿಮಗೆ ಬಟ್ಟೆ ತರೋಕೆ ಅವರನ್ನ ಕರ್ಕೊಂಡು ಹೋಗಿ. "ಅಮ್ಮಾ, ನನಗೆ ಗೊತ್ತಾಗ್ತಿಲ್ಲ, ಈ ಕೆಂಪಿಗೆ ಯಾವ ಬ್ಲೌಸು" ಅಂತ ಕೇಳಿ. ನಾಲ್ಕು ವರ್ಷದಿಂದ ಬಣ್ಣ ಮುಟ್ಟದ ಕೈ ಮೊದಲು ನಿಮ್ಮ ಬಟ್ಟೆ ಮುಟ್ಟಲಿ. ಅಂಗಡಿಯವರು ತೆಗೆದು ಹಾಕೋದನ್ನ ಅವರು ಬೇಡ ಬೇಡ ಅಂತ ಪಕ್ಕಕ್ಕಿಟ್ಟು ಒಂದನ್ನ ಎಳೆದು ತೋರಿಸ್ತಾರೆ ನೋಡಿ, ಆಗ ನಿಮ್ಮ ಹಳೇ ಅಮ್ಮ ಕಾಣ್ತಾರೆ. ಅವರಿಗೆ ಅಂತ ಏನಾದ್ರೂ ತಗೊಂಡ್ರೆ ತಿಳಿ ಬಣ್ಣದ ಒಡಲಿಗೆ ನವಿಲುಗತ್ತಿನ ಅಂಚೋ, ಕಾಫಿ ಬಣ್ಣದ ಅಂಚೋ ಇರಲಿ, ಅದನ್ನೂ ಅವರೇ ಆರಿಸಲಿ.

ಕೆಂಪಂಚಿನ ಸೀರೆ ವಾಪಸ್ ಕೊಡ್ಬೇಡಿ. ಯಾಕೆ ಉಡಲಿಲ್ಲ ಅಂತ ಕೇಳಲೂಬೇಡಿ. ಅವರ ಒಂದು ಅಳತೆ ಬ್ಲೌಸ್ ತಗೊಂಡು ಹೋಗಿ ಅದಕ್ಕೆ ಬ್ಲೌಸ್ ಹೊಲಿಸಿ, ಸೀರೆಗೆ ಫಾಲ್ ಹಾಕಿಸಿ, ಜಿಗ್‌ಜಾಗ್ ಮಾಡಿಸಿ, ಇಸ್ತ್ರಿ ಮಾಡಿಸಿ ಇದ್ದ ಜಾಗದಲ್ಲೇ ಇಟ್ಬಿಡಿ. ಯಾವತ್ತಾದ್ರೂ ಒಂದಿನ ಉಡೋ ಮನಸ್ಸಾದ್ರೆ, ಬ್ಲೌಸ್ ಹೊಲಿಸ್ಕೊಡು ಅಂತ ಅವರು ಯಾರನ್ನೂ ಕೇಳೋ ಹಾಗಿರಬಾರದು.